ಸ್ಟೆಡಿಕ್ಯಾಮ್ ಕಟ್ಟಿಕೊಂಡು ಮೂರು ವಾರ: ಶಾಟ್ ತೂಗುತ್ತಿದೆ, ಸೊಂಟ ನೋಯುತ್ತಿದೆ

ಪ್ರಶ್ನೆ: ಮೂರು ವರ್ಷದಿಂದ ಕೈಯಲ್ಲಿ ಹಿಡಿಯುವ ಮೋಟಾರ್ ಗಿಂಬಲ್‌ನಲ್ಲಿ ಶೂಟ್ ಮಾಡುತ್ತಿದ್ದೇನೆ, ಅದರಲ್ಲಿ ಕೈ ಪಳಗಿದೆ. ಈಚೆಗೆ ಗೆಳೆಯರೊಬ್ಬರಿಂದ ಸ್ಟೆಡಿಕ್ಯಾಮ್ ಮಾದರಿಯ ಹಳೇ ಸೆಟ್ ಕೊಂಡೆ, ನಡೆಯುತ್ತಾ ಶೂಟ್ ಮಾಡಿದರೂ ಶಾಟ್ ಕುಲುಕದ ಹಾಗೆ ಕ್ಯಾಮರಾವನ್ನು ಮೈಗೆ ಕಟ್ಟಿಕೊಳ್ಳುವಂಥದ್ದು. ಮೈಗೆ ಕಟ್ಟುವ ವೆಸ್ಟ್, ಅದಕ್ಕೆ ಸೇರುವ ಸ್ಪ್ರಿಂಗ್ ಆರ್ಮ್, ಕ್ಯಾಮರಾ ಕೂರುವ ಸ್ಲೆಡ್ ಎಲ್ಲ ಇದೆ. ಕ್ಯಾಮರಾ, ಲೆನ್ಸ್ ಸೇರಿ ಸುಮಾರು ಮೂರು ಕಿಲೋ. ಮೂರು ವಾರದಿಂದ ದಿನಾ ಒಂದು ಗಂಟೆ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಆದರೂ ಶಾಟ್ ದೋಣಿಯಲ್ಲಿ ಕೂತು ತೆಗೆದ ಹಾಗಿದೆ. ಹೊರಟ ಕೂಡಲೇ ಕ್ಯಾಮರಾ ಮುಂದಕ್ಕೆ ಬಾಗುತ್ತದೆ, ನಿಂತರೆ ಹಿಂದಕ್ಕೆ ವಾಲುತ್ತದೆ, ತಿರುವಿನಲ್ಲಿ ಓರೆಯಾಗುತ್ತದೆ. ಮೊಣಕಾಲು ಬಗ್ಗಿಸಿ ಮೆತ್ತಗೆ ನಡೆದರೂ ಸರಿಹೋಗಿಲ್ಲ. ಸ್ಲೆಡ್ ಎಡಗಡೆ ಇಟ್ಟುಕೊಳ್ಳುತ್ತೇನೆ. ಅರ್ಧ ಗಂಟೆಗೆಲ್ಲ ಸೊಂಟದ ಬಲಗಡೆ ನೋವು, ಭುಜ ಬೇರೆ ಹಿಡಿದುಕೊಳ್ಳುತ್ತದೆ. ನನ್ನ ಎತ್ತರ 5 ಅಡಿ 4 ಇಂಚು, ತೆಳ್ಳಗಿದ್ದೇನೆ. "ಇದು ಪೈಲ್ವಾನರ ಕೆಲಸ, ಮಾರಿಬಿಡು" ಎನ್ನುತ್ತಾರೆ ಒಬ್ಬರು. ಮುಂದಿನ ತಿಂಗಳು ಒಂದು ಕಿರುಚಿತ್ರಕ್ಕೆ ನಾಲ್ಕು ನಿಮಿಷದ ಒಂದೇ ಟೇಕ್ ತೆಗೆಯಲು ಕರೆದಿದ್ದಾರೆ. ಒಪ್ಪಿಕೊಳ್ಳಲಾ? ಇದು ನನ್ನ ಮೈಗೆ ಆಗಿಬರುವ ಕೆಲಸವಾ?

ಉತ್ತರ: ನೀವು ಕೇಳಿರುವುದು ಮೈಕಟ್ಟಿನ ಬಗ್ಗೆ. ಆದರೆ ನೀವು ಬರೆದಿರುವ ಲಕ್ಷಣಗಳೆಲ್ಲ ಬೇರೆಯದನ್ನೇ ಹೇಳುತ್ತಿವೆ. ಹೊರಟಾಗ ಮುಂದಕ್ಕೆ, ನಿಂತಾಗ ಹಿಂದಕ್ಕೆ, ತಿರುವಿನಲ್ಲಿ ಓರೆ. ಇದು ಸ್ಲೆಡ್‌ನ ತಳ ಜಾಸ್ತಿ ಭಾರ ಆಗಿರುವುದರ ಗುರುತು. ಎಡಗಡೆ ಸ್ಲೆಡ್, ಬಲ ಸೊಂಟದಲ್ಲಿ ನೋವು, ಮೇಲೆ ಭುಜ. ಇದು ವೆಸ್ಟ್ ಸರಿಯಾಗಿ ಕೂತಿಲ್ಲ, ಆರ್ಮ್ ನಿಮ್ಮಿಂದ ದೂರ ಓಡುತ್ತಿದೆ ಎನ್ನುವುದರ ಗುರುತು. ಎರಡೂ ಸ್ಕ್ರೂಡ್ರೈವರ್ ಹಿಡಿದು ಕೂತು ಸರಿಮಾಡುವ ವಿಷಯ. ನೀವು ಮೂರು ವಾರ ಪ್ರಾಕ್ಟೀಸ್ ಮಾಡಿದ್ದು ಸರಿಯಿಲ್ಲದ ಯಂತ್ರದ ಜೊತೆ ಗುದ್ದಾಡುವುದನ್ನು. ಬೇಜಾರಾಗಬೇಡಿ, ನಾನೂ ಮೊದಲ ಎರಡು ತಿಂಗಳು ಅದನ್ನೇ ಮಾಡಿದ್ದು.

ಪೈಲ್ವಾನರ ಮಾತು ಮೊದಲು ಮುಗಿಸಿಬಿಡೋಣ. ದೊಡ್ಡ ಸಿನಿಮಾ ಕ್ಯಾಮರಾ ಏರಿಸಿದ ಪೂರ್ತಿ ಸೆಟ್ 30 ಕಿಲೋ ಮುಟ್ಟುವುದೂ ಉಂಟು. ಅದನ್ನು ದಿನವಿಡೀ ಹೊರಲು ಮೈಗೆ ಅಭ್ಯಾಸ ಬೇಕು, ನಿಜ. ಆದರೆ ನಿಮ್ಮ ಕ್ಯಾಮರಾಗೆ ಎಲ್ಲ ಸೇರಿ ಅದರ ಅರ್ಧದಷ್ಟೂ ಆಗಲಿಕ್ಕಿಲ್ಲ. ಸಣ್ಣ ಮೈಯ ಆಪರೇಟರುಗಳು, ಹೆಣ್ಣುಮಕ್ಕಳು, ದೊಡ್ಡ ಸೆಟ್‌ಗಳನ್ನೇ ಕಟ್ಟಿಕೊಂಡು ಚೆನ್ನಾಗಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ತೋಳಿನ ಬಲ ಇದರಲ್ಲಿ ಕೆಲಸಕ್ಕೇ ಬರುವುದಿಲ್ಲ. ತೂಕ ಹೊರುವುದು ಸೊಂಟ ಮತ್ತು ಕಾಲು. ತೋಳಿನಲ್ಲಿ ಬಲ ಇದ್ದವರಿಗೇ ಒಂದು ತೊಂದರೆ ಇದೆ: ಅವರು ತಪ್ಪನ್ನು ಬಲದಿಂದ ಮುಚ್ಚಿಕೊಳ್ಳುತ್ತಾರೆ, ಹಾಗಾಗಿ ನಿಧಾನವಾಗಿ ಕಲಿಯುತ್ತಾರೆ.

ಇನ್ನೊಂದು ತಪ್ಪು ನಂಬಿಕೆ ಆ ಮೊಣಕಾಲು ಬಗ್ಗಿಸುವ ನಡಿಗೆ. ಅದು ಕೈಯಲ್ಲಿ ಹಿಡಿಯುವ ಗಿಂಬಲ್‌ಗೆ ಬೇಕಾದದ್ದು. ಅದರ ಮೂರು ಮೋಟಾರುಗಳು ಕ್ಯಾಮರಾ ಓರೆಯಾಗುವುದನ್ನು, ಆಚೀಚೆ ತಿರುಗುವುದನ್ನು ತಡೆಯುತ್ತವೆ, ಆದರೆ ಹೆಜ್ಜೆಯ ಏರಿಳಿತವನ್ನು ತಡೆಯುವುದಿಲ್ಲ. ಅದಕ್ಕೇ ಮೊಣಕಾಲನ್ನು ಸ್ಪ್ರಿಂಗ್ ಮಾಡಿಕೊಳ್ಳುತ್ತೀರಿ. ಸ್ಟೆಡಿಕ್ಯಾಮ್‌ನಲ್ಲಿ ಸ್ಪ್ರಿಂಗ್ ಆರ್ಮ್‌ನಲ್ಲೇ ಇದೆ. ನೀವು ಮಾಮೂಲಿ ಮನುಷ್ಯರ ಹಾಗೆ ನೆಟ್ಟಗೆ ನಡೆಯಿರಿ, ಸಾಕು. ಬಗ್ಗಿ ನಡೆದರೆ ತೊಡೆ ಬೇಗ ಸೋಲುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ, ನೋವಿಗೆ ಇನ್ನೊಂದು ದಾರಿ ಮಾಡಿಕೊಟ್ಟ ಹಾಗೆ.

ಈ ಯಂತ್ರ ಒಳಗೆ ಏನು ಮಾಡುತ್ತದೆ ಅನ್ನುವುದು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ. ಗ್ಯಾರೆಟ್ ಬ್ರೌನ್ ಎಂಬ ಅಮೆರಿಕದ ಕ್ಯಾಮರಾಮನ್ 1970ರ ದಶಕದಲ್ಲಿ ಇದನ್ನು ಮಾಡಿದರು. 1976ರಲ್ಲಿ ಸಿನಿಮಾಗಳಲ್ಲಿ ಕಾಣಿಸಿಕೊಂಡಿತು, 1978ರಲ್ಲಿ ಇದಕ್ಕೆ ಆಸ್ಕರ್ ಬಂತು. ಮೂಲ ವಿನ್ಯಾಸದಲ್ಲಿ ಸ್ಥಿರ ಮಾಡುವ ಮೋಟಾರೇ ಇಲ್ಲ, ಇವತ್ತಿಗೂ ಬಹುತೇಕ ಸೆಟ್‌ಗಳು ಹಾಗೇ ಇವೆ. ಅದರಲ್ಲಿ ಮೂರು ಉಪಾಯ ಸೇರಿವೆ. ಒಂದು, ಆರ್ಮ್‌ನ ಸ್ಪ್ರಿಂಗುಗಳು ಸ್ಲೆಡ್‌ನ ತೂಕವನ್ನು ಗಾಳಿಯಲ್ಲಿ ತೇಲಿಸುತ್ತವೆ, ನಿಮ್ಮ ಹೆಜ್ಜೆಯ ಕುಲುಕು ಅಲ್ಲಿಗೆ ತಲುಪುವುದಿಲ್ಲ. ಎರಡು, ಪೋಸ್ಟ್‌ಗೆ, ಅಂದರೆ ಸ್ಲೆಡ್‌ನ ನೆಟ್ಟನೆಯ ಕೊಳವೆಗೆ, ಆರ್ಮ್ ಸೇರುವ ಜಾಗದಲ್ಲಿರುವ ಗಿಂಬಲ್ (ಇದು ನಿಮ್ಮ ಮೋಟಾರ್ ಗಿಂಬಲ್ ಅಲ್ಲ, ಮೋಟಾರಿಲ್ಲದ ಕೀಲು) ಯಾವ ದಿಕ್ಕಿಗಾದರೂ ಸಲೀಸಾಗಿ ತಿರುಗುತ್ತದೆ, ಹಾಗಾಗಿ ನಿಮ್ಮ ಮೈ ವಾಲಿದರೂ ಪೋಸ್ಟ್ ವಾಲುವುದಿಲ್ಲ. ಮೂರನೆಯದನ್ನು ಜನ ಮರೆಯುತ್ತಾರೆ. ಮೇಲೆ ಕ್ಯಾಮರಾ, ಕೆಳಗೆ ಮಾನಿಟರ್, ಬ್ಯಾಟರಿ. ತೂಕವನ್ನು ಹೀಗೆ ದೂರ ದೂರ ಹಂಚಿದಾಗ ಇಡೀ ಸ್ಲೆಡ್ ತಿರುಗಲು ಮೊಂಡುತನ ಮಾಡುತ್ತದೆ. ಹಗ್ಗದ ಮೇಲೆ ನಡೆಯುವವರು ಉದ್ದನೆಯ ಕೋಲು ಹಿಡಿಯುತ್ತಾರಲ್ಲ, ಅದೇ ಲೆಕ್ಕ. ತೂಕ ಅಷ್ಟೇ ಇದ್ದು ದೂರ ಎರಡರಷ್ಟಾದರೆ ಈ ಮೊಂಡುತನ ನಾಲ್ಕರಷ್ಟಾಗುತ್ತದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ, ಹೊಸಬರು ಇದನ್ನು ನಂಬುವುದೇ ಇಲ್ಲ: ಹಗುರ ಕ್ಯಾಮರಾ ಆಪರೇಟ್ ಮಾಡುವುದು ಕಷ್ಟ. ಮೈಗೆ ಸುಲಭ, ಕೈಗೆ ಕಷ್ಟ. ಮೂರು ಕಿಲೋ ಕ್ಯಾಮರಾದ ಸ್ಲೆಡ್ ಬೆರಳು ತಾಗಿದರೂ ಹೆದರುತ್ತದೆ, ಗಾಳಿ ಬೀಸಿದರೂ ತಿರುಗುತ್ತದೆ. ನಿಮ್ಮ ಆರ್ಮ್ ಎಷ್ಟು ಹೊರುತ್ತದೆ ಎಂದು ನೋಡಿಕೊಳ್ಳಿ. ಅವಕಾಶ ಇದ್ದರೆ ಕ್ಯಾಮರಾ ಕೆಳಗೆ ಒಂದು ಲೋಹದ ತಟ್ಟೆ ಹಾಕಿ, ಅದಕ್ಕೆ ಸರಿಯಾಗಿ ತಳದಲ್ಲೂ ಸ್ವಲ್ಪ ತೂಕ ಸೇರಿಸಿ, ಪೋಸ್ಟ್ ಒಂದಿಷ್ಟು ಉದ್ದ ಮಾಡಿ. ಒಂದು ಕಿಲೋ ಜಾಸ್ತಿ ಆದರೂ ಪರವಾಗಿಲ್ಲ, ಶಾಟ್ ಎಷ್ಟು ತಣ್ಣಗಾಗುತ್ತದೆ ನೋಡಿ.

ಈಗ ನಿಮ್ಮ ದೋಣಿಯ ವಿಷಯ. ಸ್ಲೆಡ್‌ನ ತೂಕದ ಮಧ್ಯಬಿಂದು ಗಿಂಬಲ್‌ಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಇಲ್ಲದಿದ್ದರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಆದರೆ ಜಾಸ್ತಿ ಕೆಳಗೆ ಹೋದರೆ ಸ್ಲೆಡ್ ಲೋಲಕ ಆಗಿಬಿಡುತ್ತದೆ. ನೀವು ಮುಂದೆ ಹೊರಟಾಗ ಗಿಂಬಲ್ ನಿಮ್ಮ ಜೊತೆ ಬರುತ್ತದೆ, ಭಾರದ ತಳ ಹಿಂದೆ ಉಳಿಯುತ್ತದೆ, ಮೇಲಿನ ಕ್ಯಾಮರಾ ಮುಂದಕ್ಕೆ ಬಾಗುತ್ತದೆ. ನಿಂತಾಗ ತಳ ಮುಂದೆ ಓಡುತ್ತದೆ, ಕ್ಯಾಮರಾ ಹಿಂದಕ್ಕೆ. ತಿರುವಿನಲ್ಲಿ ತಳ ಹೊರಗಡೆ ಎಸೆದುಕೊಳ್ಳುತ್ತದೆ, ಹೊರೈಜನ್, ಅಂದರೆ ಚಿತ್ರದ ಅಡ್ಡ ಮಟ್ಟ, ಓರೆ. ನೀವು ಬರೆದಿದ್ದು ಅಕ್ಷರಶಃ ಇದೇ. ಹೊಸಬರು ತಳ ಭಾರ ಮಾಡಿಕೊಳ್ಳುವುದಕ್ಕೂ ಕಾರಣ ಇದೆ: ನಿಂತಲ್ಲೇ ನಿಂತಾಗ ತಳ ಭಾರದ ಸ್ಲೆಡ್ ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಧೈರ್ಯ ಕೊಡುತ್ತದೆ. ನಡೆಯಲು ಶುರು ಮಾಡಿದ ಮೇಲೆ ಕೈ ಕೊಡುತ್ತದೆ.

ಅಳೆಯುವ ವಿಧಾನ ಸುಲಭ, ಇದನ್ನು ಡ್ರಾಪ್ ಟೈಮ್ ಎನ್ನುತ್ತಾರೆ. ಸ್ಲೆಡ್ಡನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ, ಪೋಸ್ಟ್ ನೆಲಕ್ಕೆ ಸಮನಾಗಿ ಮಲಗಿಸಿ ಹಿಡಿದು, ಬಿಡಿ. ಅದು ಕೆಳಗೆ ಬಂದು ನೆಟ್ಟಗಾಗುವ ಗೆರೆ ದಾಟುವ ತನಕ ಎಷ್ಟು ಸೆಕೆಂಡ್ ಎಂದು ಎಣಿಸಿ. ನಿಮ್ಮದು ಒಂದು ಸೆಕೆಂಡ್ ಆಸುಪಾಸು ಬರಬಹುದು ಎಂದು ನನ್ನ ಊಹೆ. ಎರಡೂವರೆಯಿಂದ ಮೂರು ಸೆಕೆಂಡ್‌ಗೆ ತನ್ನಿ. ಗಿಂಬಲ್ಲನ್ನು ಪೋಸ್ಟ್ ಮೇಲೆ ಸ್ವಲ್ಪ ಕೆಳಗೆ ಇಳಿಸಿದರೆ ಬೀಳುವುದು ನಿಧಾನವಾಗುತ್ತದೆ, ಮೇಲೆ ಏರಿಸಿದರೆ ಬೇಗ ಬೀಳುತ್ತದೆ. ಒಂದೊಂದು ಮಿಲಿಮೀಟರ್ ಸರಿಸಿದರೂ ವ್ಯತ್ಯಾಸ ಕಾಣುತ್ತದೆ, ಅವಸರ ಬೇಡ. ನಾಲ್ಕು ಸೆಕೆಂಡ್ ದಾಟಿಸಬೇಡಿ. ಅಲ್ಲಿ ಸ್ಲೆಡ್‌ಗೆ ಮೇಲೆ ಯಾವುದು ಕೆಳಗೆ ಯಾವುದು ಎಂದೇ ಗೊತ್ತಿರುವುದಿಲ್ಲ, ಹೊರೈಜನ್ ಪೂರ್ತಿ ನಿಮ್ಮ ಬೆರಳಿನ ಮೇಲೆ ಬೀಳುತ್ತದೆ. ಪಳಗಿದವರಿಗೆ ಅದು ಇಷ್ಟ, ನಿಮಗೆ ಈಗ ಬೇಡ.

ಇದಕ್ಕೆ ಮುಂಚೆ ಆಚೀಚೆ ಮತ್ತು ಹಿಂದೆಮುಂದೆ ಬ್ಯಾಲೆನ್ಸ್ ಮಾಡಿರಬೇಕು, ಅದು ನಿಮಗೆ ಮೋಟಾರ್ ಗಿಂಬಲ್‌ನಿಂದ ಗೊತ್ತೇ ಇದೆ. ಒಂದೇ ಎಚ್ಚರ: ಶೂಟ್ ಮಾಡುವಾಗ ಏನೇನು ಇರುತ್ತದೋ ಅದೆಲ್ಲ ಹಾಕಿಕೊಂಡೇ ಬ್ಯಾಲೆನ್ಸ್ ಮಾಡಿ. ಬ್ಯಾಟರಿ, ಕಾರ್ಡ್, ಫಿಲ್ಟರ್, ಕೇಬಲ್ ಕಟ್ಟಿದ ಜಾಗ. ಲೆನ್ಸ್ ಕ್ಯಾಪ್ ತೆಗೆದಿರಲಿ, ನಗಬೇಡಿ, ಆ ಕ್ಯಾಪ್‌ನಿಂದ ಒಂದು ಬೆಳಗ್ಗೆ ಪೂರ್ತಿ ಹಾಳು ಮಾಡಿಕೊಂಡವನು ನಾನು.

ಆಮೇಲೆ ಡೈನಾಮಿಕ್ ಬ್ಯಾಲೆನ್ಸ್. ಸ್ಲೆಡ್ ನಿಂತಾಗ ನೆಟ್ಟಗಿರುತ್ತದೆ, ಆದರೆ ಜೋರಾಗಿ ಪ್ಯಾನ್ ಮಾಡಿದರೆ, ಅಂದರೆ ಆಚೀಚೆ ತಿರುಗಿಸಿದರೆ, ಬುಗುರಿ ಸೋತಾಗ ತೂರಾಡುವ ಹಾಗೆ ತೂರಾಡುತ್ತದೆ. ಪೋಸ್ಟ್ ಹಿಡಿದು ಗಿರ್ರೆಂದು ತಿರುಗಿಸಿ ನೋಡಿ. ತೂರಾಡಿದರೆ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಒಳಗೋ ಹೊರಗೋ ಸರಿಸಿ, ಕ್ಯಾಮರಾ ಸರಿಸಿ ಮತ್ತೆ ನೆಟ್ಟಗೆ ತನ್ನಿ, ಮತ್ತೆ ತಿರುಗಿಸಿ. ಸಾಮಾನ್ಯವಾಗಿ ಕ್ಯಾಮರಾದ ತೂಕದ ಮಧ್ಯ ಪೋಸ್ಟ್‌ಗಿಂತ ಎರಡು ಸೆಂಟಿಮೀಟರ್‌ನಷ್ಟು ಹಿಂದೆ ಇರುವಾಗ ಸರಿಹೋಗುತ್ತದೆ, ಅಲ್ಲಿಂದ ಶುರು ಮಾಡಿ. ಮೊದಲ ಸಲ ಒಂದು ಗಂಟೆ ಹಿಡಿಯಬಹುದು. ಸರಿಯಾದ ಮೇಲೆ ಪೋಸ್ಟ್ ಮೇಲೆ, ಬ್ಯಾಟರಿ ರಾಡ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಮರುದಿನ ಐದು ನಿಮಿಷದ ಕೆಲಸ.

ಸೊಂಟ ನೋವಿಗೆ ಬರೋಣ. ವೆಸ್ಟ್ ಕಟ್ಟುವಾಗ ಎಲ್ಲರೂ ಮಾಡುವ ತಪ್ಪು ಭುಜದ ಪಟ್ಟಿ ಬಿಗಿಯುವುದು. ತೂಕ ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ. ಸೊಂಟದ ಪಟ್ಟಿ ಗಟ್ಟಿ, ಎದೆಯ ಪಟ್ಟಿ ಉಸಿರಾಡಲು ಆಗುವಷ್ಟು ಗಟ್ಟಿ, ಭುಜದ್ದು ಸಡಿಲ. ಸ್ಲೆಡ್ ಏರಿಸಿದ ಮೇಲೆ ಭುಜದ ಪ್ಯಾಡ್ ಕೆಳಗೆ ಅಂಗೈ ತೂರಿಸಲು ಆಗಬೇಕು. ಆಗದಿದ್ದರೆ ತೂಕ ಭುಜದ ಮೇಲಿದೆ ಅಂತ ಅರ್ಥ. ಹಳೇ ವೆಸ್ಟ್ ನಿಮ್ಮ ಗೆಳೆಯರ ಅಳತೆಗೆ ಇರುತ್ತದೆ, ಅವರು ನಿಮಗಿಂತ ಉದ್ದ ಇದ್ದರೆ ಮಧ್ಯದ ಪಟ್ಟಿ ಗಿಡ್ಡ ಮಾಡಲೇಬೇಕು.

ಅದಾದ ಮೇಲೆ ವೆಸ್ಟ್‌ಗೆ ಆರ್ಮ್ ಸೇರುವ ಜಾಗದಲ್ಲಿ ಎರಡು ದಿಕ್ಕಿನ ಸ್ಕ್ರೂಗಳಿರುತ್ತವೆ. ಒಂದು ಆರ್ಮ್ ಹಿಂದೆಮುಂದೆ ವಾಲುವುದನ್ನು, ಇನ್ನೊಂದು ಆಚೀಚೆ ವಾಲುವುದನ್ನು ಸರಿಮಾಡುತ್ತದೆ. ಹಳೇ ಸೆಟ್ ಕೊಂಡವರು ಇವನ್ನು ಮುಟ್ಟುವುದೇ ಇಲ್ಲ. ಪರೀಕ್ಷೆ ಹೀಗೆ: ನೆಟ್ಟಗೆ ನಿಂತು, ಸ್ಲೆಡ್ಡನ್ನು ಮೈಗೆ ಹತ್ತಿರ, ಎಡಗಡೆ ತಂದು, ಎರಡೂ ಕೈ ಮೆಲ್ಲಗೆ ಬಿಡಿ. ಅದು ಅಲ್ಲೇ ತೇಲುತ್ತಾ ನಿಲ್ಲಬೇಕು. ಮುಂದಕ್ಕೋ ಬದಿಗೋ ಓಡಿಹೋದರೆ ಸ್ಕ್ರೂ ಸರಿಯಿಲ್ಲ. ಓಡುವ ಸ್ಲೆಡ್ಡನ್ನು ನೀವು ಇಡೀ ಹೊತ್ತು ಬಲಗೈಯಿಂದ, ಬಲ ಸೊಂಟದಿಂದ ಎಳೆದು ಹಿಡಿದಿದ್ದೀರಿ. ಸ್ಲೆಡ್ ಮೈಯಿಂದ ಎರಡರಷ್ಟು ದೂರ ಹೋದರೆ ಬೆನ್ನಿನ ಮೇಲಿನ ಎಳೆತವೂ ಎರಡರಷ್ಟಾಗುತ್ತದೆ. ಎಡಗಡೆ ಮುಂದೆ ಭಾರ, ಬಲಗಡೆ ಹಿಂದೆ ಸ್ನಾಯು ಎಳೆತ. ನೋವು ಬಲಗಡೆ ಯಾಕೆ ಎನ್ನುವುದಕ್ಕೆ ಉತ್ತರ ಇದು. ನಿಲ್ಲುವಾಗ ನಡು ಬಗ್ಗಿಸದೆ, ಪಾದದಿಂದಲೇ ಇಡೀ ಮೈ ಒಂದು ಚೂರು ಹಿಂದಕ್ಕೆ ಹೋಗಲಿ. ಹೊಟ್ಟೆ ಮುಂದೆ ಚಾಚಿ ನಿಲ್ಲಬೇಡಿ.

ದಿನಾ ಒಂದು ಗಂಟೆ ಒಂದೇ ಸಮ ಕಟ್ಟಿಕೊಳ್ಳುವುದನ್ನು ಬಿಡಿ. ಹದಿನೈದು ನಿಮಿಷ, ಆಮೇಲೆ ಸ್ಲೆಡ್ಡನ್ನು ಸ್ಟ್ಯಾಂಡ್‌ಗೆ ಹಾಕಿ ನೀರು ಕುಡಿಯಿರಿ, ಮತ್ತೆ ಹದಿನೈದು ನಿಮಿಷ. ಸೆಟ್‌ನಲ್ಲೂ ಅಷ್ಟೇ, ಕಟ್ ಎಂದ ಕೂಡಲೇ ಸ್ಟ್ಯಾಂಡ್ ನಿಮ್ಮ ಹತ್ತಿರ ಬರಬೇಕು. ಸ್ನಾಯು ದಣಿದ ನೋವು ಕೆಲವು ದಿನದಲ್ಲಿ ಇಳಿಯುತ್ತದೆ, ಅದು ಸಹಜ. ನೋವು ಚುಚ್ಚಿದ ಹಾಗಿದ್ದರೆ, ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮುಂಚೆಯೇ ಡಿಸ್ಕ್ ತೊಂದರೆ ಇದ್ದರೆ ವೆಸ್ಟ್ ಕಟ್ಟುವ ಮುಂಚೆಯೇ ಕೇಳಿ. ಇಲ್ಲಿ ಧೈರ್ಯ ತೋರಿಸಿ ಬೆನ್ನು ಕಳೆದುಕೊಂಡ ಸಹೋದ್ಯೋಗಿಗಳನ್ನು ನೋಡಿದ್ದೇನೆ, ಆಮೇಲೆ ಅವರು ಟ್ರೈಪಾಡ್ ಎತ್ತುವುದಕ್ಕೂ ಯೋಚಿಸುವ ಹಾಗಾಯಿತು.

ಹಳೇ ಸೆಟ್ ಆದ್ದರಿಂದ ಇನ್ನೆರಡು ನೋಡಿಕೊಳ್ಳಿ. ಗಿಂಬಲ್‌ನ ಬೇರಿಂಗ್: ಪೋಸ್ಟನ್ನು ಒಂದೇ ಬೆರಳಿಂದ ತಳ್ಳಿದರೆ ಸಲೀಸಾಗಿ ಹೋಗಿ ತಾನಾಗಿ ನಿಧಾನವಾಗಿ ನಿಲ್ಲಬೇಕು. ಒಂದು ಜಾಗದಲ್ಲಿ ತಡವರಿಸಿದರೆ ಬೇರಿಂಗ್ ಹೋಗಿದೆ, ನೀವು ಎಷ್ಟು ಕಲಿತರೂ ಶಾಟ್‌ನಲ್ಲಿ ಅಲ್ಲೇ ಒಂದು ಜರ್ಕ್ ಬರುತ್ತದೆ. ಎರಡನೆಯದು ಆರ್ಮ್. ಶಬ್ದ ಬಂದರೆ, ಒಂದು ಭಾಗ ಇನ್ನೊಂದಕ್ಕಿಂತ ಇಳಿದಿದ್ದರೆ ಗೊತ್ತಿರುವವರಿಗೆ ಕೊಡಿ. ದಯವಿಟ್ಟು ನೀವೇ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಬಿಗಿದು ಕೂತಿರುತ್ತದೆ, ಹಾರಿದರೆ ಕಣ್ಣೋ ಬೆರಳೋ ಹೋಗುತ್ತದೆ. ಹೊರಗಿನ ಲಿಫ್ಟ್ ತಿರುಪಣಿ ತಿರುಗಿಸುವುದು ಮಾತ್ರ ನಿಮ್ಮ ಕೆಲಸ. ಕೈ ಬಿಟ್ಟಾಗ ಆರ್ಮ್ ನೆಲಕ್ಕೆ ಸಮನಾಗಿ ಅಥವಾ ಕೂದಲೆಳೆ ಮೇಲೆ ತೇಲುವಷ್ಟು.

ಇಷ್ಟು ಸರಿಮಾಡಿಕೊಂಡ ಮೇಲೆ ಕೈ. ನೀವು ಸ್ಲೆಡ್ ಎಡಗಡೆ ಇಡುವವರು, ಹಾಗಾಗಿ ಬಲಗೈ ಗಿಂಬಲ್ ಹಿಡಿಯ ಮೇಲೆ, ಎಡಗೈ ಪೋಸ್ಟ್ ಮೇಲೆ. ಬಲಗೈ ಸ್ಲೆಡ್ ಎಲ್ಲಿರಬೇಕು ಎಂದು ಹೇಳುತ್ತದೆ, ಎಡಗೈ ಅದು ಎತ್ತ ನೋಡಬೇಕು ಎಂದು ಹೇಳುತ್ತದೆ. ಎಡಗೈಯದು ಹೆಬ್ಬೆರಳು ಮತ್ತು ಎರಡು ಬೆರಳು, ಗಿಂಬಲ್‌ನ ಸ್ವಲ್ಪ ಕೆಳಗೆ, ತೂಕದ ಮಧ್ಯಬಿಂದುವಿನ ಹತ್ತಿರ. ಹಿಡಿತ ಅನ್ನುವುದಕ್ಕಿಂತ ತಾಗಿಸಿಕೊಂಡಿರುವುದು ಎನ್ನಿ, ಮೊಟ್ಟೆ ಹಿಡಿದ ಹಾಗೆ. ಮೋಟಾರ್ ಗಿಂಬಲ್‌ನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಅಭ್ಯಾಸ ಆದವರಿಗೆ ಇದೇ ದೊಡ್ಡ ಕಷ್ಟ. ಮುಷ್ಟಿ ಬಿಗಿದ ಕ್ಷಣ ನಿಮ್ಮ ಉಸಿರು, ಹೆಜ್ಜೆ ಎಲ್ಲ ಪೋಸ್ಟ್‌ಗೆ ಹೋಗುತ್ತದೆ, ಅಷ್ಟೆಲ್ಲ ಖರ್ಚು ಮಾಡಿ ಮಾಡಿದ ಯಂತ್ರ ದಂಡ.

ಪ್ರಾಕ್ಟೀಸ್‌ಗೆ ಒಂದೇ ಒಂದು ಆಟ ಸಾಕು, ಹಳಬರೂ ಇದನ್ನೇ ಮಾಡುತ್ತಾರೆ. ಗೋಡೆ ಮೇಲೆ ಟೇಪಿನಲ್ಲಿ ದೊಡ್ಡ ಕೂಡು ಚಿಹ್ನೆ ಅಂಟಿಸಿ. ನೆಲದ ಮೇಲೆ ಅದಕ್ಕೆ ನೇರವಾಗಿ ಗೆರೆ ಎಳೆಯಿರಿ. ಮಾನಿಟರ್‌ನ ಮಧ್ಯದಲ್ಲಿ ಆ ಚಿಹ್ನೆ ಇಟ್ಟುಕೊಂಡು ಹತ್ತು ಹೆಜ್ಜೆ ಮುಂದೆ, ನಿಲ್ಲಿ, ಹತ್ತು ಸೆಕೆಂಡ್ ಅಲ್ಲಾಡದೆ ಹಿಡಿಯಿರಿ, ಹತ್ತು ಹೆಜ್ಜೆ ಹಿಂದೆ. ಚಿಹ್ನೆಯ ಅಡ್ಡಗೆರೆ ಹೊರೈಜನ್ ಹೇಳುತ್ತದೆ, ಉದ್ದಗೆರೆ ನಿಮ್ಮ ಓರೆ ನಡಿಗೆ ಹೇಳುತ್ತದೆ. ಹೊರಡುವುದು ಮತ್ತು ನಿಲ್ಲುವುದು ಈ ಕೆಲಸದಲ್ಲಿ ಅತಿ ಕಷ್ಟದ ಎರಡು ಕ್ಷಣ, ಮಧ್ಯದ ನಡಿಗೆ ಯಾರಿಗಾದರೂ ಬರುತ್ತದೆ. ಇದು ಬಂದ ಮೇಲೆ ಕ್ಯಾಮರಾ ಹಿಂದಕ್ಕೆ ತಿರುಗಿಸಿ ಮುಂದೆ ನಡೆಯುವುದು, ಆಮೇಲೆ ಕಂಬ ಸುತ್ತುವುದು. ರೆಕಾರ್ಡ್ ಮಾಡಿ ನೋಡಿ, ಆದರೆ ಸ್ಲೋ ಮೋಷನ್ ಬೇಡ. ಅದು ಎಲ್ಲ ತಪ್ಪನ್ನೂ ಚಂದ ಮಾಡಿ ತೋರಿಸುತ್ತದೆ, ಹೊಸಬರ ಡೆಮೋ ವಿಡಿಯೋಗಳೆಲ್ಲ ಸ್ಲೋ ಮೋಷನ್‌ನಲ್ಲಿ ಇರುವುದು ಸುಮ್ನೆ ಅಲ್ಲ. ಲೆನ್ಸ್ ವೈಡ್ ಇರಲಿ. ಲೆನ್ಸ್ ಉದ್ದ (ದೂರದ್ದನ್ನು ಹತ್ತಿರ ತೋರಿಸುವಂಥದ್ದು) ಆದಷ್ಟೂ ಸಣ್ಣ ತಪ್ಪು ದೊಡ್ಡದಾಗಿ ಕಾಣುತ್ತದೆ.

ಕಣ್ಣು ಪೂರ್ತಿ ಮಾನಿಟರ್ ಮೇಲೇ ಇದ್ದರೆ ಬೀಳುತ್ತೀರಿ. ಒಂದು ಕಣ್ಣೋಟ ಮಾನಿಟರ್, ಒಂದು ಕಣ್ಣೋಟ ದಾರಿ. ಹಿಂದೆ ನಡೆಯುವಾಗ, ಮೆಟ್ಟಿಲಲ್ಲಿ, ನಿಮ್ಮ ವೆಸ್ಟ್ ಹಿಡಿದು ದಾರಿ ತೋರಿಸುವ ಒಬ್ಬರು ಬೇಕೇ ಬೇಕು. ವೆಸ್ಟ್ ಬೇಗ ಬಿಚ್ಚುವ ಕ್ಲಿಪ್ ಎಲ್ಲಿದೆ, ಹೇಗೆ ಎಳೆಯಬೇಕು ಎಂದು ಕಣ್ಣು ಮುಚ್ಚಿ ಮಾಡಿ ಕಲಿಯಿರಿ. ಬೀಳುವುದೇ ಆದರೆ ನಿಮ್ಮನ್ನು ನೋಡಿಕೊಳ್ಳಿ, ಕ್ಯಾಮರಾ ಹೋದರೆ ಹೋಗಲಿ. ಇದನ್ನು ಹೇಳುವುದು ಸುಲಭ. ನಾನೊಮ್ಮೆ ಹಿಂದೆ ನಡೆಯುತ್ತಾ ಮೇಜಿಗೆ ಎಡವಿ, ಕ್ಯಾಮರಾ ಉಳಿಸಲು ಹೋಗಿ, ಮೊಣಕೈ ಮುರಿದುಕೊಂಡೆ.

ಮಾರುವುದಾ ಇಟ್ಟುಕೊಳ್ಳುವುದಾ? ನಿಮ್ಮ ಮುಂದಿರುವ ದಾರಿಗಳು ಇವು. ಎರಡು ದಿನ ಕೂತು ಎಲ್ಲ ಸರಿಮಾಡಿ, ಇನ್ನು ಎರಡು ಮೂರು ತಿಂಗಳು ಆ ಗೋಡೆಯ ಮುಂದೆ ನಡೆಯುವುದು ಒಂದು. ಖರ್ಚಿಲ್ಲ, ಆದರೆ ತಪ್ಪು ಅಭ್ಯಾಸ ಕೂತರೆ ಹೇಳುವವರಿಲ್ಲ. ಅದಕ್ಕೇ ಸಾಧ್ಯವಾದರೆ ಕೆಲವು ದಿನದ ಕಾರ್ಯಾಗಾರಕ್ಕೆ ಹೋಗಿ, ಅಥವಾ ಗೊತ್ತಿರುವ ಆಪರೇಟರ್ ಹತ್ತಿರ ಒಂದು ದಿನ ನಿಲ್ಲಿ. ಬ್ರೌನ್ ಅವರೇ ಬಹಳ ವರ್ಷ ಇಂಥ ಕಾರ್ಯಾಗಾರ ನಡೆಸಿದರು. ಪಕ್ಕದಲ್ಲಿ ನಿಂತವರು ನಿಮ್ಮ ಸೊಂಟ ಹಿಡಿದು ಇಷ್ಟು ತಿರುಗಿಸಿ ಎಂದಾಗ ಆಗುವ ಬದಲಾವಣೆ ಓದಿ ಬರುವುದಿಲ್ಲ, ನನ್ನ ಈ ಉತ್ತರದಿಂದಲೂ.

ಇನ್ನೊಂದು, ನಿಮ್ಮ ಮೋಟಾರ್ ಗಿಂಬಲ್ಲನ್ನೇ ಈ ವೆಸ್ಟ್ ಮತ್ತು ಆರ್ಮ್‌ಗೆ ಸಿಕ್ಕಿಸುವುದು. ಅದಕ್ಕೆ ಅಡಾಪ್ಟರ್ ಸಿಗುತ್ತದೆ. ಹೊರೈಜನ್ ಮೋಟಾರ್ ನೋಡಿಕೊಳ್ಳುತ್ತದೆ, ಏರಿಳಿತ ಆರ್ಮ್ ನೋಡಿಕೊಳ್ಳುತ್ತದೆ, ತಕ್ಷಣ ಕೆಲಸ ಆಗುತ್ತದೆ. ಆದರೆ ಮೋಟಾರ್ ನಿಮ್ಮ ಕೈ ಹೇಳಿದ್ದನ್ನು ಒಂದು ಗಳಿಗೆ ತಡವಾಗಿ ಮಾಡುತ್ತದೆ, ನಟರು ತಟ್ಟನೆ ತಿರುಗಿದರೆ ಫ್ರೇಮ್ ಹಿಂದೆ ಬೀಳುತ್ತದೆ. ಬ್ಯಾಟರಿ ಹೋದರೆ ಕ್ಯಾಮರಾ ತಲೆ ಇಳಿಸಿಬಿಡುತ್ತದೆ. ಸ್ಟೆಡಿಕ್ಯಾಮ್ ಕೈ ಇದರಿಂದ ಬರುವುದಿಲ್ಲ. ಹಾಗಂತ ಇದೇನೂ ಕೀಳಲ್ಲ, ಎಷ್ಟೋ ಕೆಲಸಕ್ಕೆ ಇದೇ ಸರಿ. ಮಾರುವುದು ಕೊನೆಯದು. ಬೇರಿಂಗ್ ಹೋಗಿದ್ದರೆ, ಅಥವಾ ವೈದ್ಯರು ಬೇಡ ಎಂದರೆ ಮಾರಿ. ಪೈಲ್ವಾನರ ಮಾತಿಗೆ ಮಾರಬೇಡಿ.

ಕಿರುಚಿತ್ರದ ಆ ನಾಲ್ಕು ನಿಮಿಷದ ಟೇಕ್? ಸ್ಟೆಡಿಕ್ಯಾಮ್‌ನಲ್ಲಿ ಒಪ್ಪಬೇಡಿ. ನಾಲ್ಕು ನಿಮಿಷ ಎಂದರೆ ರಿಹರ್ಸಲ್ ಸೇರಿ ದಿನಕ್ಕೆ ಹದಿನೈದು ಇಪ್ಪತ್ತು ಸಲ ನಡೆಯಬೇಕಾಗಬಹುದು. ನಿಮ್ಮ ಬೆನ್ನು ಇನ್ನೂ ಅಲ್ಲಿಗೆ ಬಂದಿಲ್ಲ. ದಣಿದ ಮೇಲೆ ಮೊದಲು ಕೆಡುವುದು ಹೊರೈಜನ್, ಆಮೇಲೆ ಹೆಜ್ಜೆ. ನಿರ್ದೇಶಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿ: ಮೋಟಾರ್ ಗಿಂಬಲ್ಲನ್ನು ಆರ್ಮ್ ಮೇಲೆ ಹಾಕಿ ಮಾಡುತ್ತೇನೆ, ಒಪ್ಪಿಗೆಯಾ ಅಂತ. ಅವರು ಸ್ಟೆಡಿಕ್ಯಾಮೇ ಬೇಕು ಎಂದರೆ ಗೊತ್ತಿರುವ ಆಪರೇಟರನ್ನು ಕರೆಸಲು ಹೇಳಿ, ನೀವು ಅವರ ಹಿಂದೆ ವೆಸ್ಟ್ ಹಿಡಿದು ನಡೆಯಿರಿ. ಆ ಒಂದು ದಿನದಲ್ಲಿ ನೀವು ಕಲಿಯುವುದು ನಿಮ್ಮ ಮೂರು ವಾರಕ್ಕಿಂತ ಜಾಸ್ತಿ ಇರುತ್ತದೆ.

ಸದ್ಯಕ್ಕೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ, ಡ್ರಾಪ್ ಟೈಮ್ ಅಳೆಯಿರಿ, ಕೈ ಬಿಟ್ಟು ನಿಲ್ಲುವ ಪರೀಕ್ಷೆ ಮಾಡಿ. ಎಷ್ಟು ಸೆಕೆಂಡ್ ಬಂತು, ಸ್ಲೆಡ್ ಯಾವ ಕಡೆ ಓಡಿತು ಎಂದು ಬರೆದು ಕಳಿಸಿ. ಒಂದು ಸೆಕೆಂಡ್ ಅನ್ನುವ ನನ್ನ ಊಹೆ ತಪ್ಪಾಗಿದ್ದರೆ ಕಾರಣ ಬೇರೆ ಕಡೆ ಹುಡುಕೋಣ.